ಮಲವೇ ಮದ್ದಾದಾಗ: ಅಮೆರಿಕದಲ್ಲಿ ಕ್ಯಾಪ್ಸೂಲ್ ದುಬಾರಿ, ಭಾರತದಲ್ಲಿ ದಾನಿಯೇ ದುರ್ಲಭ

ಹತ್ತು ದಿನ ಔಷಧ ಕೊಟ್ಟರೆ ಭೇದಿ ನಿಲ್ಲುತ್ತದೆ. ಔಷಧ ಮುಗಿದು ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಶುರುವಾಗುತ್ತದೆ. ಮತ್ತೆ ಆಸ್ಪತ್ರೆ, ಮತ್ತೆ ಅದೇ ಔಷಧ, ನಾಲ್ಕು ದಿನದ ನೆಮ್ಮದಿ, ಮತ್ತೆ ಭೇದಿ. ದಿನಕ್ಕೆ ಹತ್ತಾರು ಬಾರಿ ಶೌಚಾಲಯಕ್ಕೆ ಓಡಬೇಕಾದ ವಯಸ್ಸಾದ ರೋಗಿ ಒಂದೆರಡು ತಿಂಗಳಲ್ಲಿ ಹಾಸಿಗೆ ಹಿಡಿಯುತ್ತಾರೆ. ವಿಚಿತ್ರವೆಂದರೆ ಬಹುಪಾಲು ಸಂದರ್ಭಗಳಲ್ಲಿ ಈ ಕಾಯಿಲೆಗೆ ದಾರಿ ಮಾಡಿಕೊಟ್ಟದ್ದೂ ಔಷಧವೇ. ನ್ಯುಮೋನಿಯಾಕ್ಕೋ, ಮೂತ್ರದ ಸೋಂಕಿಗೋ, ಹಲ್ಲು ಕೀಳಿಸಿದಾಗಲೋ ಕೊಟ್ಟ ಆ್ಯಂಟಿಬಯಾಟಿಕ್.

ಇದಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾದ ಹೆಸರು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್. ವೈದ್ಯರ ಬಾಯಲ್ಲಿ ಅದು 'ಸಿ. ಡಿಫ್'. ಅಮೆರಿಕದಲ್ಲಿ 2011ರ ಅಂಕಿಅಂಶಗಳನ್ನು ಆಧರಿಸಿ ಮಾಡಿದ ಅಂದಾಜಿನ ಪ್ರಕಾರ ಆ ಒಂದೇ ವರ್ಷದಲ್ಲಿ ಸುಮಾರು 4.53 ಲಕ್ಷ ಮಂದಿಗೆ ಈ ಸೋಂಕು ತಗುಲಿತ್ತು, ಸುಮಾರು 29 ಸಾವಿರ ಮಂದಿ ಸೋಂಕು ಪತ್ತೆಯಾದ ಮೂವತ್ತು ದಿನಗಳೊಳಗೆ ಮೃತಪಟ್ಟಿದ್ದರು. ಒಮ್ಮೆ ಬಂದವರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಎರಡರಿಂದ ಎಂಟು ವಾರಗಳೊಳಗೆ ಮರುಕಳಿಸುತ್ತದೆ. ಎರಡನೇ ಸಲ ಬಂದರೆ ಮೂರನೆಯದರ ಸಾಧ್ಯತೆ ಇನ್ನೂ ಹೆಚ್ಚು.

ಈ ಸುಳಿಯಿಂದ ರೋಗಿಯನ್ನು ಹೊರತರಲು ವೈದ್ಯಲೋಕ ಕೊನೆಗೆ ಮೊರೆಹೋದದ್ದು ಯಾವ ಹೊಸ ರಾಸಾಯನಿಕಕ್ಕೂ ಅಲ್ಲ, ಆರೋಗ್ಯವಂತ ಮನುಷ್ಯನ ಮಲಕ್ಕೆ. ದಾನಿಯ ಮಲವನ್ನು ಲವಣಜಲದಲ್ಲಿ ಕಲಸಿ, ಸೋಸಿ, ಕೊಲೊನೋಸ್ಕೋಪಿ ಮೂಲಕವೋ, ಮೂಗಿನ ಕೊಳವೆಯ ಮೂಲಕವೋ, ಎನಿಮಾ ಅಥವಾ ಕ್ಯಾಪ್ಸೂಲ್ ರೂಪದಲ್ಲೋ ರೋಗಿಯ ಕರುಳಿಗೆ ತಲುಪಿಸುವ ಈ ವಿಧಾನಕ್ಕೆ ಮಲ ಸೂಕ್ಷ್ಮಜೀವಿಗಳ ಕಸಿ ಅಥವಾ ಎಫ್‌ಎಂಟಿ ಎಂದು ಹೆಸರು. ಮಡಿ–ಮೈಲಿಗೆಯ ಲೆಕ್ಕದಲ್ಲಿ ಇದಕ್ಕಿಂತ ಕೆಳಗಿನ ವಸ್ತು ಇನ್ನೊಂದಿಲ್ಲ. ಆದರೆ ಐದಾರು ಬಾರಿ ಮರುಕಳಿಸಿದ ಭೇದಿಯಲ್ಲಿ ಬಸವಳಿದ ರೋಗಿಗೆ ಅಸಹ್ಯ ದೊಡ್ಡ ಅಡ್ಡಿಯಾಗುವುದಿಲ್ಲ ಎಂಬುದು ಈ ಚಿಕಿತ್ಸೆ ನೀಡುವ ವೈದ್ಯರ ಸಾಮಾನ್ಯ ಅನುಭವ.

ಅಸಹ್ಯದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಉಳಿದಿರುವುದು ಹೆಚ್ಚು ಕಠಿಣವಾದ ಮೂರು ಪ್ರಶ್ನೆಗಳು. ಇದು ನಿಜಕ್ಕೂ ಎಷ್ಟು ಕೆಲಸ ಮಾಡುತ್ತದೆ? ಇದರ ಒಡೆತನ ಯಾರದು? ಆ್ಯಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳು ಆರೋಗ್ಯವಂತರ ಹೊಟ್ಟೆಯಲ್ಲೂ ಮನೆಮಾಡಿರುವ ಭಾರತದಲ್ಲಿ 'ಸುರಕ್ಷಿತ ದಾನಿ' ಎಂಬುವವರು ಎಲ್ಲಿ ಸಿಗುತ್ತಾರೆ?

ಖಾಲಿ ಹೊಲದಲ್ಲಿ ಬೆಳೆದ ಕಳೆ

ದೊಡ್ಡ ಕರುಳು ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳು ಒತ್ತೊತ್ತಾಗಿ ಬದುಕುವ ಜಾಗ. ಅಲ್ಲಿ ಹೊಸಬರಿಗೆ ಕಾಲಿಡಲೂ ಜಾಗವಿಲ್ಲ, ತಿನ್ನಲೂ ಉಳಿದಿಲ್ಲ. ಸಿ. ಡಿಫ್ ಬ್ಯಾಕ್ಟೀರಿಯಾದ ಬೀಜಕಗಳು ಹಲವರ ಹೊಟ್ಟೆಗೆ ಆಗಾಗ ಹೋಗುತ್ತಲೇ ಇರುತ್ತವೆ, ಏನೂ ಮಾಡಲಾಗದೆ ಹೊರಬೀಳುತ್ತವೆ. ಬಲವಾದ ಆ್ಯಂಟಿಬಯಾಟಿಕ್ ಒಂದು ಸುತ್ತು ಹೊಡೆದಾಗ ಚಿತ್ರ ಬದಲಾಗುತ್ತದೆ. ಬೆಳೆಯೂ ಹೋಗಿ ಕಳೆಯೂ ಹೋಗಿ ಹೊಲ ಖಾಲಿಯಾಗುತ್ತದೆ. ಗಟ್ಟಿ ಕವಚದೊಳಗೆ ಕುಳಿತ ಬೀಜಕ ಮಾತ್ರ ಯಾವ ಔಷಧಕ್ಕೂ ಜಗ್ಗದೆ ಉಳಿಯುತ್ತದೆ.

ಇದರಲ್ಲಿ ಪಿತ್ತರಸಕ್ಕೂ ಒಂದು ಪಾತ್ರವಿದೆ. ಯಕೃತ್ತು ಸ್ರವಿಸುವ ಮೂಲ ಪಿತ್ತಾಮ್ಲಗಳು ಸಿ. ಡಿಫ್ ಬೀಜಕಕ್ಕೆ ಮೊಳೆಯಲು ಸೂಚನೆ ಕೊಡುತ್ತವೆ. ಆರೋಗ್ಯವಂತ ಕರುಳಿನಲ್ಲಿರುವ ಕೆಲವೇ ಬಗೆಯ ಬ್ಯಾಕ್ಟೀರಿಯಾಗಳು ಈ ಆಮ್ಲಗಳನ್ನು ಬೇರೊಂದು ರೂಪಕ್ಕೆ ಮಾರ್ಪಡಿಸುತ್ತವೆ, ಆ ರೂಪ ಸಿ. ಡಿಫ್ ಬೆಳವಣಿಗೆಯನ್ನು ತಡೆಯುತ್ತದೆ. ಆ್ಯಂಟಿಬಯಾಟಿಕ್ ಈ ಕೆಲಸಗಾರರನ್ನೇ ಕೊಂದುಬಿಟ್ಟರೆ ಮೊಳಕೆಯ ಸೂಚನೆ ಉಳಿಯುತ್ತದೆ, ತಡೆ ಹೋಗುತ್ತದೆ. ಮೊಳೆತ ಬ್ಯಾಕ್ಟೀರಿಯಾ ಎರಡು ವಿಷಗಳನ್ನು ಉಗುಳಿ ಕರುಳಿನ ಒಳಪದರವನ್ನು ಹಾಳುಗೆಡವುತ್ತದೆ.

ವ್ಯಾಂಕೊಮೈಸಿನ್ ಬಾಯಿಯ ಮೂಲಕ ಕೊಟ್ಟರೆ ಈ ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ಅದೂ ಆ್ಯಂಟಿಬಯಾಟಿಕ್. ಚೇತರಿಸಿಕೊಳ್ಳುತ್ತಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಅದು ಬಿಡುವುದಿಲ್ಲ. ಚಿಕಿತ್ಸೆ ನಿಂತ ಕೂಡಲೇ ಉಳಿದ ಬೀಜಕಗಳು ಮತ್ತೆ ಮೊಳೆಯುತ್ತವೆ. ಮರುಕಳಿಕೆಯ ಗುಟ್ಟು ಇಷ್ಟೇ. ಕಳೆ ಕೀಳುವುದೊಂದೇ ಸಾಲದು, ಹೊಲದಲ್ಲಿ ಮತ್ತೆ ಬೆಳೆ ನಿಲ್ಲಬೇಕು. ದಾನಿಯ ಮಲ ಮಾಡುವುದು ಆ ಬಿತ್ತನೆಯ ಕೆಲಸವನ್ನು.

ಆಸ್ಪತ್ರೆಗಳಲ್ಲಿ ಗೋಡೆಗೋಡೆಗೂ ತೂಗುಹಾಕಿರುವ ಸ್ಯಾನಿಟೈಸರ್ ಈ ಬೀಜಕಗಳನ್ನು ಕೊಲ್ಲುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಆಲ್ಕೋಹಾಲ್‌ಗೆ ಅವು ಬಗ್ಗುವುದಿಲ್ಲ. ಸೋಪು ಹಚ್ಚಿ ನೀರಿನಲ್ಲಿ ಕೈ ತೊಳೆದು ಅವನ್ನು ಹರಿಸಿಬಿಡಬೇಕು, ನೆಲ–ಮಂಚಗಳಿಗೆ ಬ್ಲೀಚಿಂಗ್ ದ್ರಾವಣವೇ ಬೇಕು. ರೋಗಿಯ ಜತೆ ಆಸ್ಪತ್ರೆಯಲ್ಲಿ ಉಳಿಯುವ ಮನೆಯವರಿಗೆ ಈ ಒಂದು ಮಾತನ್ನು ಯಾರೂ ಹೇಳಿಕೊಡುವುದಿಲ್ಲ.

1958ರಲ್ಲಿ ಕೈಗೆ ಸಿಕ್ಕಿ ಮರೆತುಹೋದದ್ದು

ಮಲವನ್ನು ಮದ್ದಾಗಿ ಬಳಸಿದ ದಾಖಲೆ ನಾಲ್ಕನೇ ಶತಮಾನದ ಚೀನಾದ ವೈದ್ಯ ಗೆ ಹಾಂಗ್‌ವರೆಗೂ ಹೋಗುತ್ತದೆ. ಮೆಲುಕು ನಿಂತ ದನಕ್ಕೆ ಆರೋಗ್ಯವಂತ ದನದ ಹೊಟ್ಟೆಯ ದ್ರವವನ್ನು ಕುಡಿಸುವುದು ಪಶುವೈದ್ಯರಿಗೆ ಹಳೆಯ ವಿದ್ಯೆ. ಆಧುನಿಕ ವೈದ್ಯಕೀಯದಲ್ಲಿ ಇದು ಕಾಣಿಸಿಕೊಂಡದ್ದು 1958ರಲ್ಲಿ. ಅಮೆರಿಕದ ಡೆನ್ವರ್‌ನ ಶಸ್ತ್ರಚಿಕಿತ್ಸಕ ಬೆನ್ ಐಸ್‌ಮನ್ ಮತ್ತು ಸಂಗಡಿಗರು, ಆ್ಯಂಟಿಬಯಾಟಿಕ್ ನಂತರ ತೀವ್ರ ಕರುಳುರಿತಕ್ಕೆ ತುತ್ತಾಗಿದ್ದ ನಾಲ್ವರು ರೋಗಿಗಳಿಗೆ ಮಲದ ಎನಿಮಾ ಕೊಟ್ಟರು. ನಾಲ್ವರೂ ಚೇತರಿಸಿಕೊಂಡರು. ಕಾಯಿಲೆಯ ನಿಜವಾದ ಕಾರಣ ಅವರಿಗೆ ಗೊತ್ತಿರಲಿಲ್ಲ, ಅಂದು ಎಲ್ಲರೂ ಬೇರೊಂದು ಬ್ಯಾಕ್ಟೀರಿಯಾದ ಮೇಲೆ ಗೂಬೆ ಕೂರಿಸಿದ್ದರು. ಸಿ. ಡಿಫ್ ಅನ್ನು 1935ರಲ್ಲೇ ನವಜಾತ ಶಿಶುಗಳ ಮಲದಲ್ಲಿ ಗುರುತಿಸಲಾಗಿತ್ತಾದರೂ ಅದೇ ಅಪರಾಧಿ ಎಂದು ಖಚಿತವಾದದ್ದು 1978ರಲ್ಲಿ.

ವ್ಯಾಂಕೊಮೈಸಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೂ 1958ರಲ್ಲೇ. ಬಾಟಲಿಯಲ್ಲಿ ಬರುವ ಶುದ್ಧ ಔಷಧವೊಂದು ಕೈಯಲ್ಲಿರುವಾಗ ಮಲದ ಎನಿಮಾ ಯಾರಿಗೆ ಬೇಕು? ಐಸ್‌ಮನ್ ಅವರ ಪ್ರಯೋಗ ಅರ್ಧ ಶತಮಾನ ಮೂಲೆ ಸೇರಿತು. ಈ ಶತಮಾನದ ಆರಂಭದಲ್ಲಿ ಕೆನಡಾದ ಕ್ವಿಬೆಕ್ ಸೇರಿದಂತೆ ಹಲವೆಡೆ ಹೆಚ್ಚು ವಿಷಕಾರಿಯಾದ ಸಿ. ಡಿಫ್ ತಳಿ ಹಬ್ಬಿ, ಹಳೆಯ ಔಷಧಗಳು ಸೋಲತೊಡಗಿದಾಗಲೇ ವೈದ್ಯರು ಅದನ್ನು ಮತ್ತೆ ಕೈಗೆತ್ತಿಕೊಂಡದ್ದು.

2013ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ತಂಡವೊಂದರ ಫಲಿತಾಂಶ ಪ್ರಕಟವಾಯಿತು. ಮೂಗಿನ ಕೊಳವೆಯ ಮೂಲಕ ದಾನಿಯ ಮಲದ ದ್ರಾವಣ ಪಡೆದ 16 ಮಂದಿಯಲ್ಲಿ 13 ಮಂದಿ ಒಂದೇ ಸಲಕ್ಕೆ ಗುಣವಾದರು. ಉಳಿದ ಮೂವರಲ್ಲಿ ಇಬ್ಬರು ಎರಡನೇ ಸಲಕ್ಕೆ ಗುಣವಾದರು. ಬರೀ ವ್ಯಾಂಕೊಮೈಸಿನ್ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು ಮಾತ್ರ. ವ್ಯತ್ಯಾಸ ಇಷ್ಟು ದೊಡ್ಡದಾಗಿದ್ದರಿಂದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಲಾಯಿತು. 2017ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ 116 ಮಂದಿಯ ಮೇಲೆ ನಡೆದ ಅಧ್ಯಯನ, ಕೊಲೊನೋಸ್ಕೋಪಿಯೂ ಬೇಡ, ಕ್ಯಾಪ್ಸೂಲ್ ನುಂಗಿದರೂ ಅಷ್ಟೇ ಫಲ ಎಂದು ತೋರಿಸಿತು. ಎರಡೂ ಗುಂಪುಗಳಲ್ಲಿ ಶೇ 96ರಷ್ಟು ಮಂದಿಗೆ ಕಾಯಿಲೆ ಮರುಕಳಿಸಲಿಲ್ಲ.

ಶೇ 90ರ ಭರವಸೆ, ಶೇ 70ರ ವಾಸ್ತವ

ಈ ಅಂಕಿಗಳನ್ನೇ ಹಿಡಿದು 'ಮಲದಿಂದ ಶೇ 90ರಷ್ಟು ಗುಣ' ಎಂಬ ಶೀರ್ಷಿಕೆಗಳು ದಶಕದಿಂದ ಹರಿದಾಡುತ್ತಿವೆ. ಕಟ್ಟುನಿಟ್ಟಾದ ಪ್ರಯೋಗಗಳ ಲೆಕ್ಕ ಅಷ್ಟು ಸಲೀಸಾಗಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2022ರ ನವೆಂಬರ್ 30ರಂದು ಅನುಮತಿಸಿದ 'ರಿಬಯೋಟಾ' ಅಲ್ಲಿನ ಮೊದಲ ಅಧಿಕೃತ ಮಲಮೂಲ ಔಷಧ. ಗುದದ್ವಾರದ ಮೂಲಕ ಒಂದೇ ಸಲ ಕೊಡುವ ದ್ರಾವಣವಿದು. ಎಂಟು ವಾರಗಳ ಬಳಿಕ ಇದರ ಯಶಸ್ಸಿನ ಅಂದಾಜು ಶೇ 70.6, ಹುಸಿ ಔಷಧ ಪಡೆದವರಲ್ಲಿ ಶೇ 57.5. ಲಾಭವಿದೆ, ಪವಾಡವಿಲ್ಲ. 2023ರ ಏಪ್ರಿಲ್ 26ರಂದು ಅನುಮತಿ ಪಡೆದ 'ವೌಸ್ಟ್' ಕ್ಯಾಪ್ಸೂಲ್‌ನದು ಇದಕ್ಕಿಂತ ಗಟ್ಟಿ ಫಲಿತಾಂಶ. ದಾನಿಯ ಮಲದಿಂದ ಬೀಜಕ ರೂಪದ ಬ್ಯಾಕ್ಟೀರಿಯಾಗಳನ್ನಷ್ಟೇ ಬೇರ್ಪಡಿಸಿ ತಯಾರಿಸುವ ಇದನ್ನು ದಿನಕ್ಕೆ ನಾಲ್ಕರಂತೆ ಮೂರು ದಿನ ನುಂಗಬೇಕು. ಎಂಟು ವಾರಗಳಲ್ಲಿ ಕಾಯಿಲೆ ಮರುಕಳಿಸಿದ್ದು ಶೇ 12ರಷ್ಟು ಮಂದಿಗೆ, ಹುಸಿ ಔಷಧದ ಗುಂಪಿನಲ್ಲಿ ಶೇ 40ರಷ್ಟು ಮಂದಿಗೆ.

ಇದಕ್ಕೆ ತದ್ವಿರುದ್ಧವಾದ ಫಲಿತಾಂಶವೂ ಇದೆ. ಅಮೆರಿಕದ ನಿವೃತ್ತ ಯೋಧರ ಆಸ್ಪತ್ರೆಗಳಲ್ಲಿ 153 ಮಂದಿಯ ಮೇಲೆ ನಡೆದ ಕ್ಯಾಪ್ಸೂಲ್ ಪ್ರಯೋಗದಲ್ಲಿ ಮಲದ ಕ್ಯಾಪ್ಸೂಲ್ ಪಡೆದವರಿಗೂ ಹುಸಿ ಕ್ಯಾಪ್ಸೂಲ್ ಪಡೆದವರಿಗೂ ವ್ಯತ್ಯಾಸವೇ ಕಾಣಲಿಲ್ಲ, ಎರಡೂ ಕಡೆ ಹತ್ತರಲ್ಲಿ ಸುಮಾರು ಮೂವರಿಗೆ ತೊಂದರೆ ಮುಂದುವರಿಯಿತು. ಡೆನ್ಮಾರ್ಕ್‌ನಲ್ಲಿ ಮೊದಲ ಅಥವಾ ಎರಡನೇ ಸೋಂಕಿನಲ್ಲೇ ಎಫ್‌ಎಂಟಿ ಕೊಟ್ಟು ನೋಡಿದಾಗ 21ರಲ್ಲಿ 19 ಮಂದಿ ಗುಣವಾದರು, ಹುಸಿ ಔಷಧದ ಗುಂಪಿನಲ್ಲಿ 21ರಲ್ಲಿ ಏಳು ಮಂದಿ. ದಾನಿ ಯಾರು, ಮಲದ ಪ್ರಮಾಣ ಎಷ್ಟು, ಎಷ್ಟು ಸಲ ಕೊಡಲಾಯಿತು, ಯಾವ ಹಂತದಲ್ಲಿ ಕೊಡಲಾಯಿತು, ರೋಗಿಗೆ ನಿಜಕ್ಕೂ ಸಿ. ಡಿಫ್ ಇತ್ತೇ ಅಥವಾ ಪರೀಕ್ಷೆ ಹಳೆಯ ಬ್ಯಾಕ್ಟೀರಿಯಾದ ಕುರುಹನ್ನಷ್ಟೇ ಹಿಡಿದಿತ್ತೇ ಎಂಬುದನ್ನೆಲ್ಲ ಅವಲಂಬಿಸಿ ಫಲ ಬದಲಾಗುತ್ತದೆ. ಹಲವು ಸಲ ಮರುಕಳಿಸಿದ ರೋಗಿಗಳಲ್ಲಿ ಎಫ್‌ಎಂಟಿ ಪರವಾದ ಸಾಕ್ಷ್ಯ ಇಂದಿಗೂ ಬಲವಾಗಿಯೇ ಇದೆ. ಆದರೆ ಇದು ಒಂದು ನಿಗದಿತ ಮಾತ್ರೆಯಲ್ಲ, ಒಂದು ಕುಟುಂಬದಷ್ಟು ವಿಧಾನಗಳ ಸಾಮಾನ್ಯ ಹೆಸರು ಎಂಬುದನ್ನು ಶೀರ್ಷಿಕೆಗಳು ಮರೆಮಾಚುತ್ತವೆ.

ಒಂದು ಸಾವು ಮತ್ತು ಒಂದು ಪರೀಕ್ಷೆ

2019ರ ಜೂನ್‌ನಲ್ಲಿ ಎಫ್‌ಡಿಎ ಹೊರಡಿಸಿದ ಎಚ್ಚರಿಕೆ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಪ್ರಾಯೋಗಿಕವಾಗಿ ಎಫ್‌ಎಂಟಿ ಪಡೆದಿದ್ದ, ರೋಗನಿರೋಧಕ ಶಕ್ತಿ ಕುಂದಿದ್ದ ಇಬ್ಬರು ರೋಗಿಗಳ ರಕ್ತಕ್ಕೆ ಔಷಧ ನಿರೋಧಕ ಇ. ಕೋಲಿ ಹರಡಿತ್ತು. ಒಬ್ಬರು ಸತ್ತರು. ಇಬ್ಬರಿಗೂ ಬಳಸಿದ್ದು ಒಬ್ಬನೇ ದಾನಿಯ ಮಲ. ಆ ದಾನಿ ಆರೋಗ್ಯವಂತ, ಸಾಮಾನ್ಯ ಪರೀಕ್ಷೆಗಳಲ್ಲೆಲ್ಲ ಉತ್ತೀರ್ಣ. ಅವನ ಕರುಳಿನಲ್ಲಿ ಮಾತ್ರ ಇಎಸ್‌ಬಿಎಲ್ ಎಂಬ ಕಿಣ್ವ ತಯಾರಿಸುವ ಇ. ಕೋಲಿ ಇತ್ತು. ಪೆನಿಸಿಲಿನ್ ಮತ್ತು ಸೆಫಲೋಸ್ಪೊರಿನ್ ವರ್ಗದ ಬಹುತೇಕ ಔಷಧಗಳನ್ನು ಮುರಿದುಹಾಕುವ ಕಿಣ್ವವಿದು. ದಾನಿಗೆ ಅದರಿಂದ ಏನೂ ಆಗಿರಲಿಲ್ಲ. ಆ ಮಲವನ್ನು ತಯಾರಿಸಿಟ್ಟಾಗ ಅದನ್ನು ಹುಡುಕುವ ಪರೀಕ್ಷೆ ಪಟ್ಟಿಯಲ್ಲೇ ಇರಲಿಲ್ಲ.

ಅಲ್ಲಿಂದಾಚೆಗೆ ಔಷಧ ನಿರೋಧಕ ಬ್ಯಾಕ್ಟೀರಿಯಾಗಳ ಪರೀಕ್ಷೆ ಕಡ್ಡಾಯವಾಯಿತು. ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್, ಸಾಲ್ಮೊನೆಲ್ಲಾ, ಪರಾವಲಂಬಿ ಹುಳುಗಳು ಮೊದಲೇ ಪಟ್ಟಿಯಲ್ಲಿದ್ದವು. ಮುಂದಿನ ವರ್ಷ ಕೊರೊನಾ ಬಂತು, ಅದನ್ನೂ ಸೇರಿಸಬೇಕಾಯಿತು. ಇತ್ತೀಚೆಗೆ ಆ್ಯಂಟಿಬಯಾಟಿಕ್ ತೆಗೆದುಕೊಂಡವರು, ಬೊಜ್ಜು, ಮಧುಮೇಹ, ಆಟೊಇಮ್ಯೂನ್ ಕಾಯಿಲೆ ಇರುವವರು ಸಾಮಾನ್ಯವಾಗಿ ಅನರ್ಹರು. 2012ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಲಾಭರಹಿತ ಮಲ ಬ್ಯಾಂಕ್ ಆಗಿ ಆರಂಭವಾದ ಓಪನ್‌ಬಯೋಮ್‌ಗೆ ದಾನಿಗಳಾಗಲು ಮುಂದೆ ಬಂದವರಲ್ಲಿ ಉತ್ತೀರ್ಣರಾಗುತ್ತಿದ್ದವರು ನೂರಕ್ಕೆ ಮೂವರಿಗಿಂತಲೂ ಕಡಿಮೆ. ರಕ್ತದಾನಿ ಸಿಗುವುದು ಇದರ ಮುಂದೆ ಏನೇನೂ ಅಲ್ಲ.

ಇನ್ನೊಂದು ಷರತ್ತು ಭಾರತೀಯ ಓದುಗರ ಗಮನಕ್ಕೆ ಬರಬೇಕು. ಯುರೋಪಿನ ಮಾರ್ಗಸೂಚಿಗಳು ಉಷ್ಣವಲಯದ, ಅತಿಸಾರ ಸಾಮಾನ್ಯವಾಗಿರುವ ದೇಶಗಳಿಗೆ ಇತ್ತೀಚೆಗೆ ಪ್ರಯಾಣ ಮಾಡಿದವರನ್ನು ಕೆಲವು ತಿಂಗಳು ದೂರವಿಡಲು ಹೇಳುತ್ತವೆ. ಅಂದರೆ ಲಂಡನ್‌ನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ನೆಲೆಸಿ, ದಸರಾ ರಜೆಗೆಂದು ಮೈಸೂರಿಗೆ ಬಂದು ಹೋದ ಕನ್ನಡಿಗರೊಬ್ಬರು ಅಲ್ಲಿ ಮಲದಾನಿಯಾಗಲು ಕಾಯಬೇಕಾದೀತು. ಇದು ಜನಾಂಗೀಯ ಪೂರ್ವಗ್ರಹವೆಂದು ಸಿಡಿಮಿಡಿಗೊಳ್ಳುವ ಮುನ್ನ ನೆದರ್ಲೆಂಡ್ಸ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ನೋಡಬೇಕು. ವಿದೇಶ ಪ್ರವಾಸ ಮಾಡಿದ 2,001 ಡಚ್ಚರ ಮಲವನ್ನು ಅವರು ಪ್ರವಾಸಕ್ಕೆ ಮುನ್ನ ಮತ್ತು ನಂತರ ಪರೀಕ್ಷಿಸಿದ್ದರು. ಒಟ್ಟಾರೆ ಮೂರರಲ್ಲಿ ಒಬ್ಬರು ಇಎಸ್‌ಬಿಎಲ್ ಬ್ಯಾಕ್ಟೀರಿಯಾವನ್ನು ಹೊತ್ತು ಮರಳಿದ್ದರು. ದಕ್ಷಿಣ ಏಷ್ಯಾಕ್ಕೆ ಬಂದು ಹೋದವರಲ್ಲಿ ಆ ಪ್ರಮಾಣ ನಾಲ್ಕರಲ್ಲಿ ಮೂವರು.

ಕೆಲವೇ ವಾರ ಇಲ್ಲಿನ ನೀರು ಕುಡಿದು ಊಟ ಮಾಡಿದವರ ಗತಿಯೇ ಇದಾದರೆ, ಇಲ್ಲೇ ಹುಟ್ಟಿ ಬೆಳೆದವರದು?

ಭಾರತದ ದಾನಿ ಯಾರು

ಉತ್ತರ ಊಹಿಸುವುದು ಕಷ್ಟವಲ್ಲ. ಭಾರತದ ಹಲವು ನಗರ, ಹಳ್ಳಿಗಳಲ್ಲಿ ನಡೆದ ಅಧ್ಯಯನಗಳು ಆಸ್ಪತ್ರೆಯ ಮೆಟ್ಟಿಲೇ ಹತ್ತದ ಆರೋಗ್ಯವಂತರ ಕರುಳಿನಲ್ಲೂ ಇಎಸ್‌ಬಿಎಲ್ ಬ್ಯಾಕ್ಟೀರಿಯಾವನ್ನು ದೊಡ್ಡ ಪ್ರಮಾಣದಲ್ಲಿ ಕಂಡಿವೆ. ಅಮೆರಿಕದ ನಿಯಮವನ್ನು ಹಾಗೆಯೇ ಇಲ್ಲಿಗೆ ತಂದರೆ ಮುಂಬೈ, ದೆಹಲಿಯಂಥ ನಗರದಲ್ಲಿ ಮೊದಲ ಹಂತದಲ್ಲೇ ದಾನಿಗಳ ಸಾಲು ಕರಗಿಹೋಗುತ್ತದೆ. ನಿಯಮವನ್ನು ಸಡಿಲಿಸಿದರೆ 2019ರಲ್ಲಿ ಅಲ್ಲಿ ಆದದ್ದು ಇಲ್ಲಿ ಆಗಬಹುದು. ಕಸಿ ಪಡೆಯುವ ರೋಗಿಯ ಹೊಟ್ಟೆಯಲ್ಲೂ ಅದೇ ಬ್ಯಾಕ್ಟೀರಿಯಾ ಈಗಾಗಲೇ ಇದ್ದೀತು, ಹಾಗಾಗಿ ಹೊಸ ಅಪಾಯವೇನಿಲ್ಲ ಎಂಬ ವಾದವೊಂದಿದೆ. ಸಾಮಾನ್ಯ ರೋಗಿಯ ಮಟ್ಟಿಗೆ ಅದರಲ್ಲಿ ತುಸು ಹುರುಳಿರಬಹುದು. ಕೀಮೋಥೆರಪಿಯಲ್ಲಿರುವ, ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡ ರೋಗಿಯ ಮಟ್ಟಿಗೆ ಆ ವಾದ ಜೂಜಾಟ.

ದಾನಿಯ ಹೊಟ್ಟೆ ಹೀಗಾಗಲು ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬೀದಿ ಕೊನೆಯ ಮೆಡಿಕಲ್ ಶಾಪ್‌ನಲ್ಲಿ 'ಲೂಸ್ ಮೋಷನ್' ಎಂದರೆ ಸಾಕು, ಚೀಟಿ ಕೇಳದೆ ಆಫ್ಲಾಕ್ಸಸಿನ್–ಆರ್ನಿಡಜೋಲ್ ಬೆರೆತ ಮಾತ್ರೆಯ ಪಟ್ಟಿ ಕೈಗೆ ಬರುತ್ತದೆ. ಬಹುತೇಕ ಭೇದಿಗೆ ಬೇಕಾದದ್ದು ಓಆರ್‌ಎಸ್ ಮತ್ತು ಎರಡು ದಿನದ ತಾಳ್ಮೆ. ಆಫ್ಲಾಕ್ಸಸಿನ್ ಸೇರುವ ಫ್ಲೋರೊಕ್ವಿನೊಲೋನ್ ವರ್ಗವೇ ಸಿ. ಡಿಫ್‌ಗೆ ಬಾಗಿಲು ತೆರೆಯುವ ಔಷಧಗಳ ಸಾಲಿನಲ್ಲಿ ಮುಂಚೂಣಿಯಲ್ಲಿದೆ. ಪ್ರಮುಖ ಆ್ಯಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರದಂತೆ, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡುವಂತೆ ಕೇಂದ್ರ ಸರ್ಕಾರ ತಂದ 'ಶೆಡ್ಯೂಲ್ ಎಚ್1' ನಿಯಮ ಜಾರಿಗೆ ಬಂದದ್ದು 2014ರ ಮಾರ್ಚ್‌ನಲ್ಲಿ. ಅದು ಎಷ್ಟರಮಟ್ಟಿಗೆ ಜಾರಿಯಲ್ಲಿದೆ ಎಂಬುದನ್ನು ತಿಳಿಯಲು ಸಮೀಕ್ಷೆ ಬೇಕಿಲ್ಲ, ಹತ್ತಿರದ ಅಂಗಡಿಗೆ ಹೋಗಿ ನಿಂತರೆ ಸಾಕು.

ಭಾರತದಲ್ಲಿ ಸಿ. ಡಿಫ್ ಎಷ್ಟಿದೆ ಎಂಬುದೇ ಇನ್ನೊಂದು ಗೋಜಲು. ಚಂಡೀಗಢದ ಪಿಜಿಐಎಂಇಆರ್‌ನಂಥ ಸಂಸ್ಥೆಗಳು ದಶಕಗಳಿಂದ ಇದನ್ನು ಅಧ್ಯಯನ ಮಾಡುತ್ತ ಬಂದಿವೆ. ಆದರೆ ಸಾಮಾನ್ಯ ಆಸ್ಪತ್ರೆಯಲ್ಲಿ ಆ್ಯಂಟಿಬಯಾಟಿಕ್ ನಂತರದ ಭೇದಿಗೆ ಇದರ ಪರೀಕ್ಷೆ ಬರೆಯುವ ರೂಢಿ ಇಲ್ಲ. ಭೇದಿ ಎಂದರೆ 'ನೀರು ವ್ಯತ್ಯಾಸ', 'ಹೊರಗಿನ ಊಟ' ಎಂಬ ತೀರ್ಮಾನ ಮೊದಲೇ ಸಿದ್ಧವಿರುತ್ತದೆ. ಹುಡುಕದ ಕಾಯಿಲೆ ಸಿಗುವುದೂ ಇಲ್ಲ.

ಹಾಗಾಗಿ ಭಾರತದಲ್ಲಿ ಎಫ್‌ಎಂಟಿ ಸಂಶೋಧನೆ ಬೇರೊಂದು ದಾರಿ ಹಿಡಿದಿದೆ. ಲುಧಿಯಾನದ ದಯಾನಂದ ವೈದ್ಯಕೀಯ ಕಾಲೇಜಿನ ತಂಡ ಕರುಳಿನಲ್ಲಿ ಹುಣ್ಣಾಗಿ ರಕ್ತ ಬೀಳುವ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಲ್ಲಿ ಇದನ್ನು ವರ್ಷಗಳಿಂದ ಪ್ರಯೋಗಿಸುತ್ತ ಬಂದಿದೆ. ದೆಹಲಿಯ ಇನ್‌ಸ್ಟಿಟ್ಯೂಟ್ ಆಫ್ ಲಿವರ್ ಆ್ಯಂಡ್ ಬಿಲಿಯರಿ ಸೈನ್ಸಸ್‌ನ ವೈದ್ಯರು ಮದ್ಯದಿಂದ ಯಕೃತ್ತು ತೀವ್ರವಾಗಿ ಹಾಳಾಗಿ, ಸ್ಟೀರಾಯ್ಡ್ ಕೊಡಲಾಗದ ಎಂಟು ರೋಗಿಗಳಿಗೆ ಎಫ್‌ಎಂಟಿ ನೀಡಿದ ಅನುಭವವನ್ನು 2017ರಲ್ಲಿ ಪ್ರಕಟಿಸಿದರು. ಹೆಚ್ಚು ಕುತೂಹಲ ಹುಟ್ಟಿಸುವುದು ದೆಹಲಿಯ ಏಮ್ಸ್‌ನ ಪ್ರಯೋಗ. 2022ರಲ್ಲಿ 'ಗಟ್' ನಿಯತಕಾಲಿಕದಲ್ಲಿ ಬಂದ ಈ ಅಧ್ಯಯನದಲ್ಲಿ 66 ಕೊಲೈಟಿಸ್ ರೋಗಿಗಳಿದ್ದರು. ಒಂದು ಗುಂಪಿಗೆ ಹಲವು ದಾನಿಗಳ ಮಲದ ಜತೆಗೆ ಉರಿಯೂತ ತಗ್ಗಿಸುವ ಆಹಾರಕ್ರಮ, ಇನ್ನೊಂದಕ್ಕೆ ಎಂದಿನ ಔಷಧ. ಎಂಟು ವಾರಗಳಲ್ಲಿ ಮೊದಲ ಗುಂಪಿನ ಶೇ 60ರಷ್ಟು ಮಂದಿಯ ರೋಗಲಕ್ಷಣ ಶಮನವಾಯಿತು, ಎರಡನೆಯದರಲ್ಲಿ ಶೇ 32ರಷ್ಟು. ಆಮೇಲೆ ಕಸಿ ನಿಲ್ಲಿಸಿ ಆಹಾರಕ್ರಮವನ್ನಷ್ಟೇ ಮುಂದುವರಿಸಿದಾಗ 48ನೇ ವಾರದ ಹೊತ್ತಿಗೆ ನಾಲ್ಕರಲ್ಲಿ ಒಬ್ಬರ ಕರುಳು ಪೂರ್ಣ ಶಮನದಲ್ಲೇ ಉಳಿದಿತ್ತು, ಇನ್ನೊಂದು ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ಬಿತ್ತಿದರಷ್ಟೇ ಸಾಲದು, ಬಿತ್ತಿದ್ದಕ್ಕೆ ಗೊಬ್ಬರವೂ ಬೇಕು ಎಂಬ ರೈತನ ಲೆಕ್ಕವೇ ಇಲ್ಲೂ.

ಆದರೂ ಇವು ಸಣ್ಣ ಪ್ರಯೋಗಗಳು, ಏಮ್ಸ್‌ನ ಪ್ರಯೋಗದಲ್ಲಿ ಯಾರಿಗೆ ಏನು ಕೊಡಲಾಗುತ್ತಿದೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿತ್ತು. ಅಮೆರಿಕದ ಗ್ಯಾಸ್ಟ್ರೊಎಂಟರಾಲಜಿ ಸಂಘ 2024ರಲ್ಲಿ ಹೊರತಂದ ಮಾರ್ಗಸೂಚಿ ಪದೇಪದೇ ಬರುವ ಸಿ. ಡಿಫ್‌ಗೆ ಎಫ್‌ಎಂಟಿಯನ್ನು ಒಪ್ಪಿದೆ, ಕೊಲೈಟಿಸ್, ಕ್ರೋನ್ಸ್ ಮತ್ತು ಐಬಿಎಸ್‌ಗೆ ಪ್ರಯೋಗಗಳ ಹೊರಗೆ ಬಳಸಬಾರದು ಎಂದಿದೆ. ಆಟಿಸಂನಿಂದ ಬೊಜ್ಜಿನವರೆಗೆ ಎಲ್ಲಕ್ಕೂ 'ಗಟ್ ರೀಸೆಟ್' ಎಂದು ಹಣ ಕೀಳುವ ಕ್ಲಿನಿಕ್‌ಗಳು ಪಶ್ಚಿಮದಲ್ಲಿ ಹುಟ್ಟಿಕೊಂಡಿವೆ. ಐವಿಎಫ್ ಮತ್ತು ಸ್ಟೆಮ್ ಸೆಲ್ ವಿಷಯದಲ್ಲಿ ಕಾನೂನಿಗಿಂತ ಹತ್ತು ವರ್ಷ ಮುಂಚೆ ಮಾರುಕಟ್ಟೆ ಬೆಳೆದ ದೇಶದಲ್ಲಿ ಆ ಗಾಳಿ ಬೀಸದೆ ಇರುತ್ತದೆಂದು ನಂಬಲು ಕಾರಣವಿಲ್ಲ.

ಔಷಧವೋ, ಅಂಗಾಂಶವೋ

ಮಲವನ್ನು ಕಾನೂನು ಏನೆಂದು ಕರೆಯುತ್ತದೆ ಎಂಬುದರ ಮೇಲೆ ರೋಗಿ ಕೊಡುವ ಬಿಲ್ಲು ನಿಂತಿದೆ. ಅಮೆರಿಕ ಅದನ್ನು ಔಷಧವೆಂದಿತು. ಔಷಧವೆಂದರೆ ಪ್ರಯೋಗ, ಪೇಟೆಂಟ್, ಕಂಪನಿ. ವೌಸ್ಟ್ ಮಾರುಕಟ್ಟೆಗೆ ಬಂದಾಗ ಅದರ ಪಟ್ಟಿ ಬೆಲೆ 17,500 ಡಾಲರ್, ಅಂದರೆ ಹನ್ನೆರಡು ಕ್ಯಾಪ್ಸೂಲ್‌ಗೆ ಹದಿನಾಲ್ಕು ಲಕ್ಷ ರೂಪಾಯಿಗೂ ಹೆಚ್ಚು. ಕಚ್ಚಾವಸ್ತು ಯಾವುದೆಂದು ನೆನಪಿಸಿಕೊಂಡರೆ ಈ ಬೆಲೆಯ ವ್ಯಂಗ್ಯ ಹೊಳೆಯುತ್ತದೆ. ಪರೀಕ್ಷೆ, ಸಂಸ್ಕರಣೆ, ಪ್ರಯೋಗಗಳ ವೆಚ್ಚ ಸುಳ್ಳಲ್ಲ, ಆದರೆ ಆ ವೆಚ್ಚವೊಂದೇ ಈ ಮೊತ್ತವನ್ನು ವಿವರಿಸುವುದಿಲ್ಲ. ಇದಕ್ಕಿಂತ ಎಷ್ಟೋ ಕಡಿಮೆ ಬೆಲೆಗೆ ಆಸ್ಪತ್ರೆಗಳಿಗೆ ಮಲ ಪೂರೈಸುತ್ತಿದ್ದ ಲಾಭರಹಿತ ಬ್ಯಾಂಕ್‌ಗಳಿಗೆ 2013ರಿಂದ ಇದ್ದ ವಿನಾಯಿತಿಯನ್ನು ಎಫ್‌ಡಿಎ 2022ರ ನವೆಂಬರ್‌ನಲ್ಲಿ ಮೊಟಕುಗೊಳಿಸಿತು. ರಿಬಯೋಟಾಗೆ ಅನುಮತಿ ಸಿಕ್ಕಿದ್ದೂ ಅದೇ ತಿಂಗಳು.

ಬ್ರಿಟನ್ ಬೇರೆ ದಾರಿ ಹಿಡಿಯಿತು. ಅಲ್ಲಿನ ಆರೋಗ್ಯ ಮೌಲ್ಯಮಾಪನ ಸಂಸ್ಥೆ ನೈಸ್ 2022ರ ಆಗಸ್ಟ್‌ನಲ್ಲಿ, ಎರಡು ಅಥವಾ ಹೆಚ್ಚು ಸಲ ಸಿ. ಡಿಫ್ ಬಂದ ವಯಸ್ಕರಿಗೆ ಎಫ್‌ಎಂಟಿಯನ್ನು ಶಿಫಾರಸು ಮಾಡಿತು. ಪದೇಪದೇ ಆ್ಯಂಟಿಬಯಾಟಿಕ್ ಕೊಡುವುದಕ್ಕಿಂತ ಇದು ಸರ್ಕಾರಿ ಖಜಾನೆಗೆ ಅಗ್ಗ ಎಂಬುದು ಅದರ ಲೆಕ್ಕ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕೇಂದ್ರವೊಂದು ಅದನ್ನು ತಯಾರಿಸಿ ಆಸ್ಪತ್ರೆಗಳಿಗೆ ಕಳಿಸುತ್ತದೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ಒಪ್ಪಿದ ಹೊಸ ನಿಯಮಾವಳಿ ರಕ್ತ, ಎದೆಹಾಲುಗಳ ಸಾಲಿನಲ್ಲೇ ಮಲದ ಸೂಕ್ಷ್ಮಜೀವಿಗಳನ್ನೂ 'ಮಾನವ ಮೂಲದ ವಸ್ತು' ಎಂದು ಪರಿಗಣಿಸುತ್ತದೆ. ಅದು ಅನ್ವಯವಾಗುವುದು 2027ರ ಆಗಸ್ಟ್‌ನಿಂದ. ರಕ್ತನಿಧಿಯ ಮಾದರಿ ಇದು, ದಾನಿಗೆ ಗೌರವ, ಮಾದರಿಗೆ ಪರೀಕ್ಷೆ, ಪ್ರತಿ ಹನಿಗೂ ದಾಖಲೆ.

ಭಾರತಕ್ಕೆ ಹೊಂದುವುದು ಈ ಎರಡನೆಯ ಮಾದರಿಯೇ. ಹದಿನಾಲ್ಕು ಲಕ್ಷದ ಕ್ಯಾಪ್ಸೂಲ್ ಇಲ್ಲಿನ ಯಾವ ಸರ್ಕಾರಿ ಆಸ್ಪತ್ರೆಯ ಔಷಧ ಪಟ್ಟಿಗೂ ಸೇರುವುದಿಲ್ಲ. ರಕ್ತನಿಧಿಗಳ ವಿಷಯದಲ್ಲಿ ದೇಶಕ್ಕೆ ಕಹಿ ಅನುಭವವೂ ಇದೆ, ಕಲಿತ ಪಾಠವೂ ಇದೆ. ಹಣಕ್ಕೆ ರಕ್ತ ಮಾರುವವರ ಕಾಲವನ್ನು ದಾಟಿ ಸ್ವಯಂಪ್ರೇರಿತ ದಾನದ ಕಡೆಗೆ ಬರಲು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಡಬೇಕಾಯಿತು. ಮಲದ ವಿಷಯದಲ್ಲಿ ಆ ಚಕ್ರವನ್ನು ಮೊದಲಿನಿಂದ ಸುತ್ತಬೇಕೆಂದೇನಿಲ್ಲ. ಏಮ್ಸ್, ಪಿಜಿಐಎಂಇಆರ್ ದರ್ಜೆಯ ನಾಲ್ಕೈದು ಸಂಸ್ಥೆಗಳಲ್ಲಿ ಬ್ಯಾಂಕ್ ಇದ್ದು, ಪರೀಕ್ಷಿಸಿ ಹೆಪ್ಪುಗಟ್ಟಿಸಿದ ಮಲವನ್ನು ಪ್ರದೇಶದ ಇತರ ಆಸ್ಪತ್ರೆಗಳು ತರಿಸಿಕೊಳ್ಳುವಂತಾದರೆ ಕಸಿಯ ವೆಚ್ಚವೂ ಅಪಾಯವೂ ತಗ್ಗುತ್ತವೆ.

ಅಂಥ ಬ್ಯಾಂಕ್‌ಗೆ ವಿದೇಶದ ಮಲ ತರಿಸಿದರಾಗದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಭೋಪಾಲ್ ಮತ್ತು ಕೇರಳದ ಜನರ ಕರುಳನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಧಾನ್ಯ–ಬೇಳೆ ಪ್ರಧಾನವಾದ ಊಟ ಮಾಡುವ ಭೋಪಾಲಿಗರಲ್ಲಿ ಪ್ರೆವೊಟೆಲ್ಲಾ ಎಂಬ ಬ್ಯಾಕ್ಟೀರಿಯಾ ಮೇಲುಗೈ ಸಾಧಿಸಿರುವುದನ್ನೂ, ಮೀನು–ಮಾಂಸ ತಿನ್ನುವ ಕೇರಳಿಗರಲ್ಲಿ ಬೇರೆ ಮಿಶ್ರಣವಿರುವುದನ್ನೂ ತೋರಿಸಿತ್ತು. ಜೋಳದ ರೊಟ್ಟಿ, ಮುದ್ದೆ, ಅನ್ನ–ಸಾರಿಗೆ ಒಗ್ಗಿದ ಕರುಳಿಗೆ ಬಾಸ್ಟನ್‌ನ ದಾನಿಯ ಬ್ಯಾಕ್ಟೀರಿಯಾ ಎಷ್ಟು ದಿನ ಅಂಟಿಕೊಳ್ಳುತ್ತದೆ ಎಂಬುದು ಪ್ರಯೋಗದಿಂದಲೇ ತಿಳಿಯಬೇಕಾದ ವಿಷಯ.

ಸದ್ಯ ಇಲ್ಲಿ ದಾನಿಯಾಗಿ ಮುಂದೆ ಬರುವುದು ಹೆಚ್ಚಾಗಿ ರೋಗಿಯ ಮನೆಯವರೇ. ಭಾವನೆಯ ಮಟ್ಟದಲ್ಲಿ ಅದು ಸುಲಭ, ಅಪ್ಪನಿಗೆ ಮಗ ಕೊಡುತ್ತಾನೆ, ಹೆಂಡತಿಗೆ ಗಂಡ. ವಿಜ್ಞಾನದ ಮಟ್ಟದಲ್ಲಿ ತೊಡಕಿದೆ. ಅದೇ ಅಡುಗೆಮನೆ, ಅದೇ ಶೌಚಾಲಯ, ಅದೇ ಮೆಡಿಕಲ್ ಶಾಪ್. ತಿಂಗಳುಗಟ್ಟಲೆ ರೋಗಿಯನ್ನು ನೋಡಿಕೊಂಡ ಮಗನ ಕೈಗೂ ಹೊಟ್ಟೆಗೂ ಅದೇ ಬೀಜಕಗಳು ಸೇರಿರಬಹುದು. ಅವಸರದಲ್ಲಿ ಎರಡು ದಿನದಲ್ಲಿ ಮುಗಿಸುವ ಪರೀಕ್ಷೆಗಳಲ್ಲಿ ಇಎಸ್‌ಬಿಎಲ್ ಹುಡುಕುವ ಪರೀಕ್ಷೆ ಇತ್ತೇ, ದಾನಿಯ ಮಾದರಿಯ ಒಂದು ಪಾಲನ್ನು ಮುಂದೆ ಬೇಕಾದೀತೆಂದು ತೆಗೆದಿಟ್ಟರೇ, ಆರು ತಿಂಗಳ ಬಳಿಕ ರೋಗಿ ಹೇಗಿದ್ದಾರೆಂದು ಯಾರಾದರೂ ಬರೆದಿಟ್ಟರೇ? ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮನೆಯವರು ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಸದ್ಯಕ್ಕೆ ಇವೇ.